ಕಂಬಕ್ಕೆ ಒರಗಿಸಿದ ಸೈಕಲ್

೯ ಜನವರಿ ೨೦೨೩

ಏಣಿಗೆ,

ಭಾವ ಬರೆಯುತ್ತಿದ್ದೇನೆ. ಸದಾ ಏಣಿಯ ಮೇಲಿರುತ್ತಿದ್ದ ನಿನಗೆ ಇಟ್ಟ ಅಡ್ಡಹೆಸರೇ ಈಗಲೂ ಬಾಯಿಗೆ ಬರುತ್ತದೆ. ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಒಡೆಯಲೋ ಬೇಡವೋ ಎಂದು ಒಂದು ದಿನ ನಿನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಟ್ಟುಕೊಂಡೂ ಇರುತ್ತೀಯ. ನಿನ್ನ ಅಕ್ಕ ಹೋಗಿ ಮೂರು ವರ್ಷವಾಯಿತು. ಅವತ್ತು ನೀನು ಬಾಗಿಲ ಹತ್ತಿರ ನಿಂತೆ, ನಾನು ಕಿಟಕಿಯ ಹತ್ತಿರ ನಿಂತೆ, ನಡುವೆ ಅವಳು ಮಲಗಿದ್ದಳು. ಆಮೇಲೆ ಇದೇ ಮೊದಲ ಮಾತು, ಅದೂ ನನಗೆ ಕೆಲಸ ಬಿದ್ದಾಗ. ಈ ಮುದುಕನಿಗೆ ನಾಚಿಕೆಯಿಲ್ಲ ಎಂದು ನೀನು ಅಂದುಕೊಂಡರೆ ನಾನು ಜಗಳಕ್ಕೆ ಬರುವುದಿಲ್ಲ.

ವಿಷಯ ಇಷ್ಟು. ನನ್ನ ಹಳೆಯ ಕಂಪ್ಯೂಟರ್ ಕೈ ಕೊಟ್ಟಿತು. ಮಗಳು ಹೊಸದು ತಂದಿದ್ದಾಳೆ. ಸದ್ದೇ ಮಾಡುವುದಿಲ್ಲವಂತೆ, ಮಾಡಿದ್ದರೂ ನನಗೆ ಕೇಳುತ್ತಿರಲಿಲ್ಲ ಬಿಡು. ಆದರೆ ನಮ್ಮ ರೈಲಿನ ಸಿಮ್ಯುಲೇಟರ್, ಅದೇ ಪರದೆಯ ಮೇಲೆ ಗಾಡಿ ಓಡಿಸುವ ಆಟ, ಹಾಕಲು ಹೋದರೆ ಒಲ್ಲೆ ಎಂದು ಮುಖ ತಿರುಗಿಸುತ್ತದೆ. ಸಿ.ಡಿ. ಹಾಕುವ ಬಾಯಿಯೇ ಇಲ್ಲದ ಯಂತ್ರ. ಹೊರಗಿನಿಂದ ಸಿಕ್ಕಿಸುವ ಡಬ್ಬಿಯೊಂದನ್ನು ಮಗಳು ತಂದಳು, ಆದರೂ ಅರ್ಧಕ್ಕೆ ನಿಲ್ಲುತ್ತದೆ. ಅದರಲ್ಲಿ ನಾವೇ ಕಟ್ಟಿದ ನಮ್ಮ ಲೈನಿನ ಫೋಲ್ಡರ್ ಮಾತ್ರ ಹಳೆಯ ಡಿಸ್ಕಿನಿಂದ ಹೊರಗೆ ಬಂದು ಪೆನ್ ಡ್ರೈವಿನಲ್ಲಿ ಕ್ಷೇಮವಾಗಿದೆ.

ನಾನು ಮೂವತ್ತು ವರ್ಷ ಗಾಡಿ ಓಡಿಸಿದ ಲೈನದು. ಅದರ ಹಳಿ ಕಿತ್ತು ಹದಿನೆಂಟು ವರ್ಷವಾಯಿತು. ಏಳು ಸ್ಟೇಷನ್ನೂ ಈಗ ಇರುವುದು ಆ ಫೋಲ್ಡರಿನಲ್ಲಿ ಮಾತ್ರ. ಅದನ್ನು ಇನ್ನೊಮ್ಮೆ ಓಡಿಸಬೇಕು. ಬೇಗ ಆದರೆ ಒಳ್ಳೆಯದು, ಯಾಕೆ ಎಂದು ಕೇಳಬೇಡ, ವಯಸ್ಸು ಎಂದುಕೊ.

ಫೋನ್ ಮಾಡಬೇಡ. ಎಂಜಿನ್ನು ನನ್ನ ಕಿವಿಯನ್ನು ತಿಂದು ಹಾಕಿದೆ. ಮಗಳ ಮೊಬೈಲಿಗೂ ಕಳಿಸಬೇಡ, ಅವಳಿಗೆ ಶಿಫ್ಟಿನ ಕೆಲಸ, ಸಾಕಾಗಿ ಮನೆಗೆ ಬರುತ್ತಾಳೆ. ಕಾಗದದಲ್ಲಿ ಒಂದೊಂದೇ ಮೆಟ್ಟಿಲು ಬರೆದು ಕಳಿಸು. ನಾನು ರೂಲ್ ಬುಕ್ಕಿನ ಮನುಷ್ಯ, ಬರೆದದ್ದನ್ನು ಬರೆದ ಹಾಗೇ ಮಾಡುತ್ತೇನೆ.

ನಿನ್ನ ಭಾವ

೨೧ ಜನವರಿ ೨೦೨೩

ಭಾವನವರಿಗೆ,

ಒಂದು ದಿನವಲ್ಲ, ಒಡೆಯಲು ನಾಲ್ಕು ದಿನ ತೆಗೆದುಕೊಂಡೆ.

ನೀವು ಹೇಳುವ ಸಿಮ್ಯುಲೇಟರ್ ಇಪ್ಪತ್ತು ವರ್ಷ ಹಳೆಯದು. ಅದರ ಜೊತೆಗಿನ ಸಣ್ಣ ಪ್ರೋಗ್ರಾಂಗಳು, ಅಂದರೆ ಲೈನು ಕಟ್ಟುವ ಎಡಿಟರ್ ಮತ್ತು ಒತ್ತಿ ಮಡಿಸಿಟ್ಟ ಫೈಲುಗಳನ್ನು ಬಿಡಿಸುವ ಉಪಕರಣ, ಅಷ್ಟೇ ಹಳೆಯವು. ಹವ್ಯಾಸಿಗಳು ಬರೆದು ಹಂಚಿ ಮರೆತುಬಿಟ್ಟವು. ಈಗಿನ ಕಂಪ್ಯೂಟರಿಗೆ ಅವುಗಳ ಭಾಷೆ ಅರ್ಥವಾಗುವುದಿಲ್ಲ. ಹೀಗೆ ಮಾಡಿ.

ಸಿ.ಡಿ. ಹಾಕಿದಾಗ ತಾನಾಗಿ ಬರುವ ಕಿಟಕಿಯನ್ನು ಮುಚ್ಚಿಬಿಡಿ. ಸಿ.ಡಿ.ಯ ಒಳಗೆ ಹೋಗಿ ಸೆಟಪ್ ಎಂಬ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ. ಪ್ರಾಪರ್ಟೀಸ್, ಅದರೊಳಗೆ ಕಂಪ್ಯಾಟಿಬಿಲಿಟಿ. ಹಳೆಯ ಕಾಲದ ಯಂತ್ರ ಎಂದು ಅದಕ್ಕೆ ಸುಳ್ಳು ಹೇಳುವ ಗುರುತು ಅಲ್ಲಿದೆ, ಅದನ್ನು ಹಾಕಿ. ಆಮೇಲೆ ಅದು ಕೇಳಿದ್ದಕ್ಕೆಲ್ಲ ಹಿಂದುಮುಂದು ನೋಡದೆ ನೆಕ್ಸ್ಟ್ ಒತ್ತುತ್ತ ಹೋಗಿ. ಎಡಿಟರಿಗೂ ಇದೇ ಮಂತ್ರ.

ಇನ್ನು ನನ್ನ ಮಾತು. ಇಪ್ಪತ್ತಾರು ವರ್ಷದ ಹಿಂದೆ ಒಂದು ಸಂಜೆ ನಿಮ್ಮ ಗಾಡಿ ಮೂರನೇ ಸ್ಟೇಷನ್ನಿನ ತಿರುವಿನಲ್ಲಿ ಕೆಂಪು ದೀಪ ದಾಟಿ ಹೋಗಿ ನಿಂತಿದ್ದ ಗೂಡ್ಸಿಗೆ ಗುದ್ದಿತು. ಒಬ್ಬ ಹೆಂಗಸಿನ ಕೈ ಮುರಿಯಿತು. ವಿಚಾರಣೆಯಲ್ಲಿ ನೀವು ದೀಪ ಆರಿತ್ತು ಎಂದಿರಿ. ಆ ದಿನ ಬೆಳಿಗ್ಗೆಯೇ ಏಣಿ ಹತ್ತಿ ಬಲ್ಬು ಬದಲಾಯಿಸಿದ್ದೇನೆ, ಇವರ ಗಾಡಿ ಹೋಗುವಾಗ ಕೈ ಬೀಸಿದ್ದೇನೆ ಎಂದು ನಾನು ಬಡಿದುಕೊಂಡೆ. ಕಂಬದ ಹತ್ತಿರ ಯಾರನ್ನೂ ನೋಡಲಿಲ್ಲ ಎಂದಿರಿ. ಗುದ್ದಿದ ಪೆಟ್ಟಿಗೆ ತಂತಿ ಹರಿದು, ಜನ ಬರುವ ಹೊತ್ತಿಗೆ ದೀಪ ಹೇಗೂ ಆರಿತ್ತು. ಡ್ರೈವರ್ ಮಾತು ನಡೆಯಿತು, ಸಿಗ್ನಲ್ ಫಿಟ್ಟರ್ ಆಗಿದ್ದ ನನ್ನ ಕೆಲಸ ಹೋಯಿತು.

ಅಕ್ಕನ ಮುಖ ನೋಡಿ ಎಲ್ಲ ಹೊಟ್ಟೆಗೆ ಹಾಕಿಕೊಂಡೆ. ಅವಳು ಕರೆದಳು ಎಂದು ಎಷ್ಟೋ ಭಾನುವಾರ ನಿಮ್ಮ ಪಕ್ಕ ಕುಳಿತು ಆ ಲೈನಿನ ಸಿಗ್ನಲ್ಲುಗಳನ್ನೆಲ್ಲ ನಾನೇ ನೆಟ್ಟೆ. ತಿರುವಿನ ಕಂಬದಲ್ಲಿ ದೀಪ ಹಚ್ಚಿ ಹೋದೆ. ಮುಂದಿನ ವಾರ ಬಂದರೆ ಅಲ್ಲಿ ಆರಿದ ದೀಪದ ಕಂಬ ನಿಂತಿತ್ತು. ಆಟದಲ್ಲೂ ಬಿಡಲಿಲ್ಲವಲ್ಲ ನೀವು.

ಆ ದೀಪ ಹಚ್ಚಿ. ನನಗೆ ಬೇಕಾದದ್ದು ಅಷ್ಟೇ.

ಏಣಿ

೪ ಫೆಬ್ರುವರಿ ೨೦೨೩

ಏಣಿಗೆ,

ನೀನು ಹೇಳಿದ್ದಕ್ಕೆಲ್ಲ ನೆಕ್ಸ್ಟ್ ಒತ್ತಿದೆ. ಹದಿನಾಲ್ಕು ಸಲ, ಎಣಿಸಿದ್ದೇನೆ. ಸಿಮ್ಯುಲೇಟರ್ ಕೂತಿತು. ನಮ್ಮ ಲೈನಿನ ಫೋಲ್ಡರನ್ನು ಮಗಳು ಅದರ ಒಳಗೆ ಹಾಕಿಕೊಟ್ಟಳು. ಆದರೆ ಎಡಿಟರ್ ತೆರೆದರೆ ಪರದೆ ಒಂದು ಕ್ಷಣ ಬಿಳಿಯಾಗಿ ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರ್ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ ಹಾಗಿರುತ್ತದೆ.

ಇನ್ನೊಂದು ತೊಂದರೆ. ಪರದೆಯ ಅಂಚುಗಳು ಕಪ್ಪಾಗಿವೆ. ನಡುವೆ ಹಳಿ ಚೆನ್ನಾಗಿ ಕಾಣುತ್ತದೆ, ಎರಡೂ ಬದಿಯ ಕಂಬ, ಮರ, ಪ್ಲಾಟ್‌ಫಾರಂ ಯಾವುದೂ ಕಾಣುವುದಿಲ್ಲ. ಹಳೆಯ ಪ್ರೋಗ್ರಾಮಿಗೆ ಹೀಗೂ ಆಗುತ್ತದೆಯೇ?

ನಿನ್ನ ಕಾಗದದ ಕೊನೆಯ ಭಾಗವನ್ನು ಎರಡು ಸಲ ಓದಿದೆ. ಮೊದಲು ಎಡಿಟರ್ ತೆರೆಯಲಿ.

ನಿನ್ನ ಭಾವ

೧೩ ಫೆಬ್ರುವರಿ ೨೦೨೩

ಭಾವ,

ಕಣ್ಣು ಮಿಟುಕಿಸುವ ರೋಗಕ್ಕೆ ಮದ್ದು ಇದೆ. ಒಂದು ಹಳೆಯ ಸಹಾಯಕ ಫೈಲು ಈಗಿನ ಯಂತ್ರಗಳಲ್ಲಿ ಇರುವುದಿಲ್ಲ, ಅದಿಲ್ಲದೆ ಎಡಿಟರ್ ಕಣ್ಣು ಬಿಡುವುದಿಲ್ಲ. ಇದರ ಜೊತೆ ಒಂದು ಸಿ.ಡಿ. ಇಟ್ಟಿದ್ದೇನೆ. ಅದರೊಳಗಿನ ಒಂದೇ ಒಂದು ಫೈಲನ್ನು ಮಗಳ ಕೈಲಿ ಎಡಿಟರಿನ ಪಕ್ಕಕ್ಕೆ ಕಾಪಿ ಮಾಡಿಸಿ.

ಅಂಚು ಕಪ್ಪಾಗುವುದು ಮಾಮೂಲು. ಹಳೆಯ ಪ್ರೋಗ್ರಾಂ ಚೌಕ ಪರದೆಗೆ ಹೊಲಿದ ಅಂಗಿ, ನಿಮ್ಮ ಹೊಸ ಪರದೆ ಅಗಲ. ರೆಸೊಲ್ಯೂಶನ್, ಅಂದರೆ ಚಿತ್ರದ ಅಳತೆ, ಬದಲಿಸಿದರೆ ಸರಿಹೋಗುತ್ತದೆ, ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ. ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇದಕ್ಕೆಲ್ಲ ಹೆದರಬೇಡಿ.

ನಿಮ್ಮ ಕಾಗದ ಓದುವಾಗ ಆ ಭಾನುವಾರಗಳು ನೆನಪಾದವು. ನೀವು ಐದನೇ ಸ್ಟೇಷನ್ನಿನ ನೀರಿನ ತೊಟ್ಟಿಯನ್ನು ತಪ್ಪಿ ಹಳಿಯ ಮೇಲೆ ಇಟ್ಟಿದ್ದು, ಗಾಡಿ ಅದರೊಳಗಿಂದಲೇ ತೂರಿ ಹೋಗಿದ್ದು, ಅಕ್ಕ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಿದ್ದು. ಇಷ್ಟು ವರ್ಷದಲ್ಲಿ ನಾನು ಅದನ್ನು ನೆನೆಸಿಕೊಂಡಿರಲಿಲ್ಲ.

ಆದರೆ ದೀಪದ ಮಾತು ಹಾಗೇ ಇದೆ.

ಏಣಿ

೬ ಮಾರ್ಚ್ ೨೦೨೩

ಪ್ರೀತಿಯ ಏಣಿ,

ಓಡಿತು. ಮೊನ್ನೆ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಮೊದಲ ಸ್ಟೇಷನ್ನಿನಿಂದ ಏಳನೆಯದರ ತನಕ ಹೋದೆ. ಎರಡನೇ ಸ್ಟೇಷನ್ ದಾಟಿದ ಮೇಲಿನ ಇಳಿಜಾರಿನಲ್ಲಿ ಕೈ ತಾನಾಗಿ ಬ್ರೇಕಿನ ಕಡೆ ಹೋಯಿತು. ಕೈಗೆ ಎಲ್ಲ ನೆನಪಿದೆ ನೋಡು, ಅದಕ್ಕೆ ವಯಸ್ಸೇ ಆಗಿಲ್ಲ. ನೀನು ಕಳಿಸಿದ ಚಿತ್ರದ ಪ್ರಕಾರ ಪರದೆಯನ್ನೂ ಸರಿಮಾಡಿದೆ. ಅಂಚಿನ ತೊಂದರೆ ಈಗಿಲ್ಲ.

ದೊಡ್ಡ ಗಾಡಿಗಳಲ್ಲಿ ಇಬ್ಬರಿರುತ್ತಾರೆ, ನಿನಗೆ ಗೊತ್ತಲ್ಲ. ಒಬ್ಬ ಸಿಗ್ನಲ್ಲಿನ ಬಣ್ಣವನ್ನು ಕೂಗಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು. ಎರಡು ಬಾಯಿಂದ ಬಂದರೆ ಮಾತ್ರ ಆ ಬಣ್ಣ ಲೆಕ್ಕಕ್ಕೆ. ನಮ್ಮದು ಒಂಟಿ ಡ್ರೈವರ್ ಗಾಡಿ. ನಾನೇ ಕೂಗಿ ನಾನೇ ಒಪ್ಪಿಕೊಂಡು ಮೂವತ್ತು ವರ್ಷ ಕಳೆದೆ.

ದೀಪದ ಬಗ್ಗೆ ಯೋಚಿಸುತ್ತಿದ್ದೇನೆ. ಅದಕ್ಕೆ ಮುಂಚೆ ಒಂದು ಪ್ರಶ್ನೆ. ಎಡಿಟರಿನ ವಸ್ತುಗಳ ಪಟ್ಟಿಯಲ್ಲಿ ಸೈಕಲ್ ಒಂದಿದೆ. ಅದನ್ನು ಇಟ್ಟರೆ ನೆಟ್ಟಗೆ ನಿಲ್ಲುತ್ತದೆ, ಒಂದು ಕಂಬಕ್ಕೆ ಒರಗಿಸುವುದು ಹೇಗೆ? ಚಕ್ರ ಬೇರೆ ನೆಲದೊಳಗೆ ಇಳಿಯುತ್ತದೆ. ತಪ್ಪದೆ ಬರೆ.

ನಿನ್ನ ಭಾವ

೧೫ ಮಾರ್ಚ್ ೨೦೨೩

ಭಾವ,

ನಾನು ಕೇಳಿದ್ದು ದೀಪ, ನೀವು ಕೇಳುತ್ತಿರುವುದು ಸೈಕಲ್. ಸೈಕಲ್ ಯಾಕೆ, ಬೇಕಾದರೆ ಆನೆ ತಂದು ನಿಲ್ಲಿಸಿಕೊಳ್ಳಿ, ಲೈನು ನಿಮ್ಮದು. ಮಾತು ತಿರುಗಿಸುವುದರಲ್ಲಿ ನೀವು ಮೊದಲಿನಿಂದಲೂ ಗಟ್ಟಿಗರು.

ದೀಪದ ಕೆಲಸ ಐದು ನಿಮಿಷದ್ದು. ತಿರುವಿನ ಕಂಬದ ಮೇಲೆ ಒತ್ತಿ, ಅಳಿಸಿ. ಪಟ್ಟಿಯಲ್ಲಿ ಕೆಂಪು ಉರಿಯುವ ಕಂಬ ಮೇಲಿನಿಂದ ಎಂಟನೆಯದು, ಅದನ್ನು ಅದೇ ಜಾಗಕ್ಕೆ ತಂದಿಡಿ. ಸೇವ್ ಒತ್ತಿ. ಆಮೇಲೆ ಲೈನಿನ ಫೋಲ್ಡರನ್ನು ಪೆನ್ ಡ್ರೈವಿಗೆ ಕಾಪಿ ಮಾಡಿ ಅಂಚೆಯಲ್ಲಿ ಕಳಿಸಿ. ಬಾಯಿಮಾತು ಬೇಡ, ನಾನೇ ತೆರೆದು ನೋಡುತ್ತೇನೆ.

ಏಣಿ

೨೦ ಏಪ್ರಿಲ್ ೨೦೨೩

ಏಣಿ,

ದೀಪ ಹಚ್ಚಿದ್ದೇನೆ.

ಐದು ನಿಮಿಷ ಎಂದೆ, ನನಗೆ ಮೂರು ವಾರ ಹಿಡಿಯಿತು. ಪೆನ್ ಡ್ರೈವ್ ಇದರೊಳಗಿದೆ. ತೆರೆದಾಗ ದೀಪವನ್ನಷ್ಟೇ ನೋಡಿ ಮುಚ್ಚಬೇಡ. ಕಂಬದ ಕೆಳಗೂ ನೋಡು. ನಿಧಾನವಾಗಿ ನೋಡು.

ನೋಡಿದ ಮೇಲೆ ಒಂದು ಸಲ ಬಾ. ಅಕ್ಷರ ದೊಡ್ಡದಾಯಿತು, ಪೆನ್ನು ದಪ್ಪ.

ಭಾವ

೨೯ ಏಪ್ರಿಲ್ ೨೦೨೩

ಭಾವನವರಿಗೆ,

ತೆರೆದೆ. ಎರಡು ಯಂತ್ರಗಳಲ್ಲಿ ತೆರೆದೆ. ತಿರುವಿಗೆ ಮೂರು ಸಲ ಹೋಗಿ ಬಂದೆ. ದೀಪ ಆರಿದೆ. ಕಂಬದ ಕೆಳಗೆ ನಿಮ್ಮ ಮಾತಿನ ಪ್ರಕಾರ ನಿಧಾನವಾಗಿ ನೋಡಿದೆ, ಹುಲ್ಲು ಬಿಟ್ಟರೆ ಏನೂ ಇಲ್ಲ. ಫೈಲಿನ ತಾರೀಖೂ ಹದಿನೈದು ವರ್ಷ ಹಳೆಯದು, ನೀವು ಕೈಯನ್ನೇ ಹಚ್ಚಿಲ್ಲ.

ಅವತ್ತು ಉರಿಯುವ ದೀಪವನ್ನು ಆರಿತ್ತು ಎಂದಿರಿ. ಇವತ್ತು ಆರಿದ್ದನ್ನು ಉರಿಯುತ್ತಿದೆ ಎನ್ನುತ್ತೀರಿ. ಅಕ್ಕ ಬದುಕಿದ್ದಾಗ ನಿಮ್ಮ ಮೇಲೆ ಒಂದು ಮಾತು ಆಡಲು ಅವಳು ಬಿಡುತ್ತಿರಲಿಲ್ಲ. ಈಗ ತಡೆಯುವವರಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನೀವು ಸುಳ್ಳುಗಾರರು. ನಿಮ್ಮ ಪೆನ್ ಡ್ರೈವನ್ನು ವಾಪಸ್ ಕಳಿಸಿದ್ದೇನೆ.

ಫಿಟ್ಟರ್

೧೮ ಮೇ ೨೦೨೩

ಏಣಿ,

ನನ್ನ ಪರದೆಯಲ್ಲಿ ಉರಿಯುತ್ತಿದೆ. ದಿನಾ ಬೆಳಿಗ್ಗೆ ಹೋಗಿ ನೋಡುತ್ತೇನೆ. ನಿನ್ನಲ್ಲಿ ಯಾಕೆ ಆರಿದೆಯೋ ನನಗೆ ತಿಳಿಯದು. ಮತ್ತೆ ಸೇವ್ ಒತ್ತಿದೆ. ಮತ್ತೆ ಉರಿಯಿತು.

ನೀನು ನೋಡಿದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆ ಮಾತು ಒಂದು ಸಲ ಆಡಿದ್ದೇ ಸಾಕು.

ಭಾವ

೨ ಸೆಪ್ಟೆಂಬರ್ ೨೦೨೩

ಏಣಿ,

ಬಾ. ನಿನ್ನ ಕಣ್ಣಿನಿಂದಲೇ ನೋಡು.

ಈ ವರ್ಷ ಮುಗಿಯುವುದರೊಳಗೆ ಬಂದರೆ ಒಳ್ಳೆಯದು.

ಭಾವ

೧೧ ಸೆಪ್ಟೆಂಬರ್ ೨೦೨೩

ಭಾವನವರಿಗೆ,

ಹಾಳೆಗಟ್ಟಲೆ ಬರೆಯುತ್ತಿದ್ದವರು ಈಗ ಒಂದು ಹಾಳೆಗೆ ಎರಡು ಸಾಲಿನ ಅಪ್ಪಣೆ ಹೊರಡಿಸುತ್ತಿದ್ದೀರಿ. ಅಕ್ಷರವೋ ಗೋಡೆಗೆ ಅಂಟಿಸುವ ನೋಟೀಸಿನಷ್ಟು ದಪ್ಪ, ಸಾಲಿನ ಮೇಲೆ ಸಾಲು ಹತ್ತಿದೆ. ಕಣ್ಣು ಕಾಣದವನಿಗೆ ಬರೆದ ಹಾಗೆ ನನಗೆ ಬರೆಯಬೇಡಿ. ನನ್ನ ಕಣ್ಣು ಚೆನ್ನಾಗಿದೆ. ನಾನು ನೋಡಿದ್ದೂ ಆಗಿದೆ.

ಇನ್ನು ಬರೆಯಬೇಡಿ, ನಾನೂ ಬರೆಯುವುದಿಲ್ಲ.

ಫಿಟ್ಟರ್

೬ ನವೆಂಬರ್ ೨೦೨೪

ಭಾವ,

ಇದನ್ನು ನೀವು ಒಡೆಯದೆ ಎಸೆದರೂ ನನಗೆ ಸಲ್ಲಬೇಕಾದದ್ದೇ. ಆದರೂ ಓದಿ.

ನಿನ್ನೆ ಅಂಗಡಿಗೆ ಒಬ್ಬ ಟೇಲರ್ ಮತ್ತು ಅವನ ಹೆಂಡತಿ ಬಂದರು. ಕಸೂತಿ ವಿನ್ಯಾಸ ಮಾಡುವ ಹಳೆಯ ಪ್ರೋಗ್ರಾಂ ಅವರದು. ಒಂದೇ ಕಂಪ್ಯೂಟರ್, ಆದರೆ ಅವನು ಲಾಗಿನ್ ಆಗಿ ತೆರೆಯುವ ಹೆಸರು ಬೇರೆ, ಅವಳು ತೆರೆಯುವ ಹೆಸರು ಬೇರೆ.

"ಮೂರು ತಿಂಗಳಿಂದ ದಿನಾ ಮಾಡ್ತಿದ್ದೀನಿ ಸ್ವಾಮಿ," ಎಂದ ಅವನು.

"ಏನೂ ಮಾಡಿಲ್ಲ, ನಾನೇ ತೆಗೆದು ನೋಡ್ತೀನಲ್ಲ, ಒಂದು ಹೂವೂ ಇಲ್ಲ," ಎಂದಳು ಅವಳು.

ಇಬ್ಬರೂ ಮುಖ ಗಂಟು ಹಾಕಿಕೊಂಡು ಎರಡು ಕುರ್ಚಿ ಬಿಟ್ಟು ಕೂತಿದ್ದರು. ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಎಷ್ಟೋ ಗಿರಾಕಿಗಳಿಗೆ ಹೇಳಿದ ವಿಷಯ ಅದು. ಈಗಿನ ಕಂಪ್ಯೂಟರ್ ಪ್ರೋಗ್ರಾಂಗಳು ಕೂರುವ ಫೋಲ್ಡರಿಗೆ ಬೀಗ ಹಾಕಿರುತ್ತದೆ. ಹಳೆಯ ಪ್ರೋಗ್ರಾಂ ಅಲ್ಲಿ ಏನಾದರೂ ಬರೆಯಲು ಹೋದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬರೆದದ್ದನ್ನು ಸದ್ದಿಲ್ಲದೆ ಒಯ್ದು, ಬರೆದವನ ಹೆಸರಿನಲ್ಲಿರುವ ಒಂದು ಗುಪ್ತ ಫೋಲ್ಡರಿನಲ್ಲಿ ಇಡುತ್ತದೆ. ಅವನು ಆ ಪ್ರೋಗ್ರಾಂ ತೆರೆದಾಗ ಅಲ್ಲಿಂದ ತಂದು ತೋರಿಸುತ್ತದೆ. ಬೇರೆಯವರು ತೆರೆದರೆ ಹಳೆಯದೇ ಕಾಣುತ್ತದೆ. ಕೈಯಲ್ಲಿ ಕಾಪಿ ಮಾಡಿದರೂ ಹಳೆಯದೇ ಬರುತ್ತದೆ.

ಟೇಲರನ ಹೂವುಗಳನ್ನೆಲ್ಲ ತೆಗೆದು ತೋರಿಸಿದೆ. ಅವನ ಹೆಂಡತಿ ಅವನ ತೋಳು ಹಿಡಿದುಕೊಂಡಳು. ನಾನು ನಗುತ್ತಿದ್ದವನು ಅಲ್ಲೇ ನಿಂತುಬಿಟ್ಟೆ.

ಇದಾಗಬಾರದೆಂದರೆ ಹಳೆಯ ಪ್ರೋಗ್ರಾಂಗಳನ್ನು ಆ ಬೀಗದ ಫೋಲ್ಡರಿನ ಹೊರಗೆ, ಬೇರೆ ಜಾಗದಲ್ಲಿ ಕೂರಿಸಬೇಕು. ಯಾವ ಜಾಗ ಎಂದು ಅದು ಕೇಳುತ್ತದೆ. ಬೀದಿಯಲ್ಲಿ ಹೋಗುವವರಿಗೂ ನಾನು ಇದನ್ನು ಹೇಳುತ್ತೇನೆ. ನಿಮಗೆ ಬರೆದದ್ದು ಏನು? ಕೇಳಿದ್ದಕ್ಕೆಲ್ಲ ನೆಕ್ಸ್ಟ್ ಒತ್ತಿ ಎಂದು. ದೀಪದ ಮಾತನ್ನು ಬೇಗ ಬರೆಯಬೇಕೆಂಬ ಆತುರದಲ್ಲಿ ಮೇಲಿನದನ್ನು ಗೀಚಿ ಮುಗಿಸಿದ್ದೆ. ಬರೆದದ್ದನ್ನು ಬರೆದ ಹಾಗೇ ಮಾಡುವವರು ನೀವು. ಹದಿನಾಲ್ಕು ಸಲ ಒತ್ತಿದಿರಿ.

"ನನ್ನ ಪರದೆಯಲ್ಲಿ ಉರಿಯುತ್ತಿದೆ" ಎಂದು ಬರೆದಿದ್ದಿರಿ. ಅದೇ ಮಾತನ್ನು ಗಿರಾಕಿ ಹೇಳಿದ್ದರೆ ನಾನು ಕೂತಲ್ಲೇ ಕಂಡುಹಿಡಿಯುತ್ತಿದ್ದೆ. ನೀವು ಹೇಳಿದಿರಿ, ಅದಕ್ಕೇ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಗುಪ್ತ ಫೋಲ್ಡರಿಗೆ ಹೋಗುವ ದಾರಿಯನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಮಗಳ ಕೈಲಿ ನೋಡಿಸಿ. ಅಲ್ಲಿ ಏನಿದೆ ಎಂದು ನನಗೆ ತಿಳಿಸಿ. ನಿಮ್ಮ ಮಾತನ್ನು ಪರೀಕ್ಷಿಸಲಿಕ್ಕೆ ಕೇಳುತ್ತಿಲ್ಲ. ಕಂಬದ ಕೆಳಗೆ ನೋಡು ಎಂದಿದ್ದಿರಿ, ನಾನು ಇನ್ನೂ ನೋಡಿಲ್ಲ.

ಏಣಿ

೧೯ ನವೆಂಬರ್ ೨೦೨೪

ಮಾವ,

ಬರೆಯುತ್ತಿರುವುದು ನಾನು, ನಿಮ್ಮ ಅಕ್ಕನ ಮಗಳು. ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ವರ್ಷಗಳಿಂದ ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬಂದಿತ್ತಂತೆ, ನನಗೂ ಹೇಳಿರಲಿಲ್ಲ. ಕಳೆದ ವರ್ಷದ ಕೊನೆಗೆ ಓದುವುದು ನಿಂತಿತು, ಈ ಬೇಸಿಗೆಗೆ ಬೆಳಕೂ ಹೋಯಿತು. ನಿಮ್ಮ ಕಾಗದವನ್ನು ಅವರ ಕಿವಿಗೆ ಬಾಯಿಟ್ಟು ಕೂಗಿ ಓದಿದೆ. ಪಕ್ಕದ ಮನೆಯವರಿಗೂ ಈಗ ಎಲ್ಲ ಗೊತ್ತು.

ನೀವು ಹೇಳಿದ ದಾರಿಯಲ್ಲಿ ಹೋದೆ. ಫೈಲು ಅಲ್ಲಿತ್ತು. ಮೊದಲು ಬರೆದ ತಾರೀಖು ೧೬ ಏಪ್ರಿಲ್ ೨೦೨೩. ನೀವು ಅಪ್ಪನನ್ನು ಸುಳ್ಳುಗಾರ ಎನ್ನುವುದಕ್ಕೆ ಹದಿಮೂರು ದಿನ ಮುಂಚೆ. ಅಪ್ಪನ ಹೆಸರಿನಲ್ಲೇ ಸಿಮ್ಯುಲೇಟರ್ ತೆರೆದು ತಿರುವಿನ ತನಕ ಹೋದೆ. ದೀಪ ಕೆಂಪಗೆ ಉರಿಯುತ್ತಿದೆ. ಕಂಬದ ಕೆಳಗೆ ಒಂದು ಸೈಕಲ್ ಇದೆ.

ಸೈಕಲ್ ಯಾಕೆ ಎಂದು ಅಪ್ಪನನ್ನು ಕೇಳಿದೆ. ಬರೆದುಕೊ ಎಂದರು. ಇಲ್ಲಿಂದ ಮುಂದೆ ಅವರು ಹೇಳಿದ್ದು, ಒಂದಕ್ಷರ ನನ್ನದಲ್ಲ.

ಏಣಿ,

ಅವತ್ತು ಬೆಳಿಗ್ಗೆ ನಾನು ನಿನ್ನನ್ನು ನೋಡಿದ್ದೆ. ಸೈಕಲ್ ಕಂಬಕ್ಕೆ ಒರಗಿತ್ತು, ಅದರ ಹ್ಯಾಂಡಲ್ ಬಲಕ್ಕೆ ತಿರುಗಿತ್ತು. ನೀನು ಏಣಿಯ ತುದಿಯಲ್ಲಿದ್ದೆ. ಕೈ ಬೀಸಿದೆ, ನಾನೂ ಬೀಸಿದೆ. ಸಂಜೆ ಅದೇ ತಿರುವಿಗೆ ಬಂದಾಗ ಕಂಬವೇ ಕಾಣಲಿಲ್ಲ. ಆಗಲೇ ಸಂಜೆಯ ಹೊತ್ತು ನನ್ನ ಕಣ್ಣು ಬದಿಗಳನ್ನು ಬಿಟ್ಟುಬಿಡುತ್ತಿತ್ತು. ಕಾಣಲಿಲ್ಲ ಎಂದರೆ ಕಣ್ಣು ಪರೀಕ್ಷೆ ಮಾಡಿಸುತ್ತಾರೆ, ಗಾಡಿಯಿಂದ ಇಳಿಸುತ್ತಾರೆ. ಆರಿತ್ತು ಎಂದೆ. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ನಿನಗೆ ಬಂದೀತು ಎಂದುಕೊಂಡೆ. ಆಮೇಲೂ ಎಂಟು ವರ್ಷ ಆ ಕಣ್ಣಿಟ್ಟುಕೊಂಡು ಜನರನ್ನು ಕೂರಿಸಿಕೊಂಡು ಓಡಿಸಿದೆ. ಆ ಭಯವನ್ನು ಯಾರಿಗೂ ಹೇಳಿಲ್ಲ.

ನಿನ್ನ ಅಕ್ಕನಿಗೆ ಗೊತ್ತಿತ್ತು. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ನಿನ್ನ ಮನೆಗೆ ಹೊರಟಳು, ಬಾಗಿಲ ತನಕ ಹೋಗಿ ವಾಪಸ್ ಬಂದಳು. ಅವಳನ್ನು ತಡೆದದ್ದು ನಾನು. ಅವಳ ಮೇಲೆ ಸಿಟ್ಟು ಮಾಡಬೇಡ.

ಸೈಕಲ್ ಇಟ್ಟರೆ ನಿನಗೆ ಅರ್ಥವಾಗುತ್ತದೆ, ಬಾಯಿಬಿಟ್ಟು ಹೇಳುವುದು ತಪ್ಪುತ್ತದೆ ಎಂದುಕೊಂಡಿದ್ದೆ. ಕಣ್ಣಿರುವಾಗ ನಿನ್ನ ಜೊತೆ ಒಂದು ಸಲ ಆ ತಿರುವನ್ನು ನೋಡಬೇಕು ಎಂದಿತ್ತು. ಅದಾಗಲಿಲ್ಲ. ಪರವಾಗಿಲ್ಲ, ಈಗಲೂ ಬಾ. ಮೌಸು ನೀನು ಹಿಡಿ. ದಾರಿ ನಾನು ಹೇಳುತ್ತೇನೆ. ತಿರುವು ಬಂದಾಗ ಬಣ್ಣ ಕೂಗು.

೮ ಡಿಸೆಂಬರ್ ೨೦೨೪

ಭಾವ,

ಊರಿಗೆ ಬಂದು ತಲುಪಿದೆ. ಮಗೂ, ಇದನ್ನು ಓದುವ ಮುಂಚೆ ಕಿಟಕಿ ಮುಚ್ಚು.

ಎರಡು ದಿನ ನಿಮ್ಮ ಪಕ್ಕದಲ್ಲಿದ್ದೆ. ಹೇಳಬೇಕು ಎಂದುಕೊಂಡು ಬಂದದ್ದು ಯಾವುದೂ ಬಾಯಿಗೆ ಬರಲಿಲ್ಲ. ಕೂಗಿ ಹೇಳುವ ಮಾತೂ ಅಲ್ಲ ಅದು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಪರದೆಯ ಮುಂದೆ ಕೂತೆ. ನೀವು ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡಿರಿ. ಈಗ ಸೇತುವೆ, ಈಗ ಇಳಿಜಾರು, ಈಗ ಬ್ರೇಕಿಗೆ ಕೈ ಹಾಕು ಎಂದು ಒಂದೂ ತಪ್ಪದೆ ಹೇಳಿದಿರಿ. ತಿರುವು ಬಂದಾಗ ನಿಮ್ಮ ಕಿವಿಯ ಹತ್ತಿರ ಕೆಂಪು ಎಂದು ಕೂಗಿದೆ. ನೀವು ನನಗಿಂತ ಜೋರಾಗಿ ಕೆಂಪು ಎಂದಿರಿ. ಬ್ರೇಕ್ ಎಳೆದೆ. ಕಂಬಕ್ಕೆ ಇನ್ನೂ ಇಪ್ಪತ್ತು ಗಜ ಇರುವಾಗ ಗಾಡಿ ನಿಂತಿತು. ಅಷ್ಟರಲ್ಲಿ ಪಕ್ಕದ ಮನೆಯವರು ಏನಾಯಿತು ಎಂದು ಬಾಗಿಲು ತಟ್ಟಿದರು.

ನೀವು ಮಾಡಿದ್ದನ್ನು ಮರೆತಿದ್ದೇನೆ ಎಂದು ಸುಳ್ಳು ಹೇಳಲಾರೆ. ಏಣಿ ಇಳಿಸಿಟ್ಟ ಮೇಲೆ ಆರು ವರ್ಷ ನಾನು ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಅದು ಹೋದ ಕಾಲ. ಅಕ್ಕ ಬಾಗಿಲ ತನಕ ಹೋಗಿ ತಿರುಗಿದಳು ಎಂಬುದು ಈಗ ಎಲ್ಲದಕ್ಕಿಂತ ಹೆಚ್ಚು ಸಂಕಟ ಕೊಡುತ್ತಿದೆ. ಆದರೆ ನೀವು ಕಾಣದ ದೀಪವನ್ನು ಆರಿತ್ತು ಎಂದಿರಿ, ನಾನೂ ಕಾಣದ ದೀಪವನ್ನು ಆರಿದೆ ಎಂದೆ. ನ್ಯಾಯ ಹೇಳುವ ಬಾಯಿ ನನಗೂ ಉಳಿಯಲಿಲ್ಲ.

ಇನ್ನೊಂದು ವಿಷಯ ಇದೆ. ಗಾಡಿ ನಿಂತ ಮೇಲೆ ನೀವು ಕೇಳಿದಿರಿ.

"ಸೈಕಲ್ ಸರಿಯಾಗಿ ಒರಗಿದೆಯೇನೋ?"

"ಒರಗಿದೆ ಭಾವ. ನಾನು ನಿಲ್ಲಿಸಿದ ಹಾಗೇ ಇದೆ," ಎಂದೆ.

ಇರಲಿಲ್ಲ. ನೆಟ್ಟಗೆ ನಿಂತಿತ್ತು. ಚಕ್ರಗಳು ಅರ್ಧ ನೆಲದಲ್ಲಿ ಹೂತುಹೋಗಿದ್ದವು. ಹ್ಯಾಂಡಲ್ ಕಂಬದೊಳಗೆ ತೂರಿತ್ತು. ಒರಗಿಸುವುದು ಹೇಗೆ, ಚಕ್ರ ನೆಲದೊಳಗೆ ಇಳಿಯುತ್ತದೆ ಎಂದು ನೀವು ಬರೆದು ಕೇಳಿದ್ದಿರಿ. ಒಂದು ಕೀಲಿ ಒತ್ತಿ ಹಿಡಿದರೆ ಏಳುತ್ತದೆ, ಇನ್ನೊಂದಕ್ಕೆ ವಾಲುತ್ತದೆ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ಆನೆ ತಂದು ನಿಲ್ಲಿಸಿ ಎಂದೆ. ಮಸುಕಾಗುತ್ತಿದ್ದ ಕಣ್ಣಿನಲ್ಲಿ ಮೂರು ವಾರ ಅದರ ಜೊತೆ ಗುದ್ದಾಡಿ, ಆದಷ್ಟು ಮಾಡಿ, ನೀವು ಸೇವ್ ಒತ್ತಿದ್ದಿರಿ.

ಮಧ್ಯಾಹ್ನ ನೀವು ಮಲಗಿದ ಮೇಲೆ ಎಲ್ಲವನ್ನೂ ಬೀಗದ ಫೋಲ್ಡರಿನಿಂದ ಹೊರಗೆ ತಂದು ಕೂರಿಸಿದೆ. ಸೈಕಲ್ಲನ್ನು ನೆಲದಿಂದ ಎತ್ತಿದೆ, ಕಂಬಕ್ಕೆ ಒರಗಿಸಿದೆ, ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದೆ. ಮಗಳ ಹೆಸರಿನಲ್ಲೂ ತೆರೆದು ನೋಡಿದೆ, ಪೆನ್ ಡ್ರೈವಿಗೆ ಹಾಕಿ ಇಲ್ಲಿ ಅಂಗಡಿಯಲ್ಲೂ ನೋಡಿದೆ. ಎಲ್ಲ ಕಡೆಯೂ ಇದೆ. ನೀವು ನೋಡುವ ಹಾಗಿದ್ದಾಗಲೇ ಬಂದು ಮಾಡಬೇಕಾಗಿದ್ದ ಕೆಲಸ ಇದು. ಬಾ ಎಂದು ಎರಡು ಸಲ ಕರೆದಿದ್ದಿರಿ.

ನೀವು ಹಚ್ಚಿದ ದೀಪ ಉರಿಯುತ್ತಲೇ ಇತ್ತು ಭಾವ. ನೋಡದೆ ದಾಟಿ ಹೋದವನು ನಾನು.

ಏಣಿ